ನೀರು ಆರದ ಸಿಗಡಿಗೆ ಏರ್ ಫ್ರೈಯರ್ ಏನು ಮಾಡೀತು?

ಜೂನ್ ಎರಡನೇ ವಾರ ದಾಟಿತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಫೋಟೊ ಬರಲು ಶುರುವಾಗುತ್ತದೆ. ಏರ್ ಫ್ರೈಯರಿನ ಬುಟ್ಟಿಯಲ್ಲಿ ಮುದುರಿಕೊಂಡ, ಬಿಳಿಚಿಕೊಂಡ ಸಿಗಡಿ. ಅಂಚಿನಲ್ಲಿ ಬಿಳಿ ನೊರೆ ಹೆಪ್ಪುಗಟ್ಟಿರುತ್ತದೆ. ಬುಟ್ಟಿ ಎತ್ತಿದರೆ ಕೆಳಗೆ ಕೆಂಪು ನೀರು, ಹಚ್ಚಿದ ಮಸಾಲೆಯೆಲ್ಲ ಅದರಲ್ಲೇ. ಜೊತೆಗೊಂದು ವಾಯ್ಸ್ ಮೆಸೇಜು: "ಟೀಚರೇ, ಮೆಷಿನ್ ಹಾಳಾಗಿದೆ ಅಂತ ಕಾಣ್ತದೆ. ಇಪ್ಪತ್ತು ನಿಮಿಷ ಇಟ್ಟರೂ ಫ್ರೈ ಆಗ್ಲಿಲ್ಲ."

ಮೆಷಿನ್ ಹಾಳಾಗಿಲ್ಲ. ಸಿಗಡಿ ಒದ್ದೆ ಇತ್ತು.

ಈ ಮಾತನ್ನು ಕ್ಲಾಸಿನಲ್ಲಿ ಹೇಳುತ್ತೇನೆ, ಫೋನಿನಲ್ಲಿ ಹೇಳುತ್ತೇನೆ, ಕಾಸರಗೋಡು ಪೇಟೆಯಲ್ಲಿ ಎದುರು ಸಿಕ್ಕವರಿಗೂ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಮುಂದಿನ ವಾರ ಮತ್ತೆ ಅದೇ ಫೋಟೊ ಬರುತ್ತದೆ. ಅದಕ್ಕೇ ಇವತ್ತು ಬೇರೆಲ್ಲ ಬಿಟ್ಟು ನೀರಿನ ವಿಷಯ ಒಂದನ್ನೇ ಬರೆಯುತ್ತೇನೆ. ಮಸಾಲೆ ಹೇಗೆ ಅರೆಯಬೇಕು ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಜೂನಿನಲ್ಲೇ ಈ ಕಾಟ ಯಾಕೆ ಅಂದರೆ, ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ. ದೊಡ್ಡ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ನಾಡದೋಣಿಯವರು ತರುವ ಸ್ವಲ್ಪ ಸಿಗಡಿಯ ರೇಟು ಕೇಳಿದರೆ ಕೈ ಹಿಂದೆ ಬರುತ್ತದೆ. ಆಗ ಜನ ಫ್ರೀಜರಿನ ಪ್ಯಾಕೆಟ್ ಕಡೆ ತಿರುಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಒಳ್ಳೆಯ ಕಂಪೆನಿಯ ಫ್ರೋಜನ್ ಸಿಗಡಿ, ಬಿಸಿಲಿನಲ್ಲಿ ಬುಟ್ಟಿಯಲ್ಲಿ ಕೂತ ಸಿಗಡಿಗಿಂತ ಎಷ್ಟೋ ಮೇಲು. ಇನ್ನು ಕುಂಬಳೆ, ಉಪ್ಪಳ ಕಡೆ ಗಲ್ಫಿನಿಂದ ರಜೆಗೆ ಬರುವ ಮಕ್ಕಳು ಈಗ ಅಮ್ಮನಿಗೆ ಏರ್ ಫ್ರೈಯರ್ ತಂದುಕೊಡುತ್ತಾರೆ. ಪ್ಯಾಕೆಟ್ ಉಂಟು, ಮೆಷಿನ್ ಉಂಟು, ಹೊರಗೆ ಮಳೆ. ಸಿಗಡಿ ಫ್ರೈ ತಿನ್ನಬೇಕೆನಿಸುವುದು ಸಹಜವೇ ಅಲ್ವಾ?

ಅಡುಗೆ ಕ್ಲಾಸು ಶುರು ಮಾಡುವ ಮೊದಲು ನಾನು ಸಿಗಡಿ ಸಂಸ್ಕರಣೆಯ ಫ್ಯಾಕ್ಟರಿಯೊಂದರಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿದ್ದೆ. ಹಾಗಾಗಿ ಪ್ಯಾಕೆಟ್ಟಿನೊಳಗೆ ನೀರು ಎಲ್ಲಿಂದ ಬರುತ್ತದೆ ಅಂತ ಗೊತ್ತು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಪ್ಯಾಕೆಟ್‌ಗಳಲ್ಲಿರುವುದು ಸಾಕಿದ ವನಾಮಿ ಸಿಗಡಿ. ಇದು ಮೂಲದಲ್ಲಿ ಅಮೆರಿಕ ಖಂಡದ ಪೆಸಿಫಿಕ್ ಕರಾವಳಿಯದ್ದು. ನಮ್ಮ ದೇಶದಲ್ಲಿ ಸಾಕಲು 2009ರಲ್ಲಿ ಅನುಮತಿ ಸಿಕ್ಕಿತು, ಈಗ ಆಂಧ್ರದಲ್ಲೇ ಅತಿ ಜಾಸ್ತಿ ಬೆಳೆಯುತ್ತಾರೆ. ಸಿಪ್ಪೆ ಸುಲಿದು, ಬೆನ್ನಿನ ಕಪ್ಪು ನರ ತೆಗೆದು, ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ಅದನ್ನು ತಣ್ಣೀರಿನಲ್ಲಿ ಅದ್ದುತ್ತಾರೆ, ಇಲ್ಲವೇ ಮೇಲೆ ನೀರು ಸಿಂಪಡಿಸುತ್ತಾರೆ. ಒಂದೊಂದು ಸಿಗಡಿಯ ಮೇಲೂ ಮಂಜಿನ ತೆಳು ಪದರ ಕೂರುತ್ತದೆ. ಫ್ಯಾಕ್ಟರಿಯಲ್ಲಿ ಇದಕ್ಕೆ ಗ್ಲೇಜ್ ಅನ್ನುತ್ತೇವೆ. ಇದು ಮೋಸ ಅಲ್ಲ. ಈ ಪದರ ಇಲ್ಲದಿದ್ದರೆ ಫ್ರೀಜರಿನ ಒಣ ಗಾಳಿಗೆ ಸಿಗಡಿ ಒಣಗಿ ನಾರಾಗುತ್ತದೆ, ವಾಸನೆಯೂ ಕೆಡುತ್ತದೆ. ಆದರೆ ಅದು ಪ್ಯಾಕೆಟ್ಟಿನಲ್ಲಿರುವವರೆಗೆ ಮಾತ್ರ ಉಪಕಾರಿ. ಬುಟ್ಟಿಗೆ ಬಿದ್ದ ಮೇಲೆ ಅದು ನೀರು.

ಇನ್ನೊಂದು ನೀರು ಸಿಗಡಿಯ ಒಳಗೇ ಇರುತ್ತದೆ. ಲೇಬಲ್ ತಿರುಗಿಸಿ ನೋಡಿ. ಐಎನ್‌ಎಸ್ 451 ಅಂತ ಇದ್ದರೆ ಫಾಸ್ಫೇಟ್ ಹಾಕಿದ್ದಾರೆ ಎಂದರ್ಥ. ಮಾಂಸ ನೀರು ಹಿಡಿದುಕೊಳ್ಳಲಿ ಅಂತ ಬಳಸುತ್ತಾರೆ. ಮಿತಿಯೊಳಗಿದ್ದರೆ ಕಾನೂನಿನ ಪ್ರಕಾರ ತಪ್ಪಲ್ಲ, ಹೆದರಬೇಕಾಗಿಯೂ ಇಲ್ಲ. ಕಾದಾಗ ಇಂಥ ಸಿಗಡಿ ಜಾಸ್ತಿ ನೀರು ಬಿಡಬಹುದು, ಅಷ್ಟು ಗೊತ್ತಿರಲಿ. ಕೊಳ್ಳುವಾಗ ಎರಡು ಪ್ಯಾಕೆಟ್ಟಿನಲ್ಲಿ ಒಂದು ಆರಿಸಬೇಕಾದರೆ ನಾನು 451 ಇಲ್ಲದ್ದನ್ನು ಎತ್ತಿಕೊಳ್ಳುತ್ತೇನೆ.

ಈಗ ಮುಖ್ಯ ವಿಷಯ. ಶಾಲೆಯಲ್ಲಿ ಕಲಿತದ್ದು ಸ್ವಲ್ಪ ನೆನಪು ಮಾಡಿಕೊಳ್ಳಿ. ಒಂದು ಗ್ರಾಂ ಮಂಜು ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಆ ನೀರು ಸೊನ್ನೆಯಿಂದ 100 ಡಿಗ್ರಿಗೆ ಏರಲು 100 ಕ್ಯಾಲೊರಿ. ಅದೇ ನೀರು ಆವಿಯಾಗಿ ಹೋಗಲು 540 ಕ್ಯಾಲೊರಿ! ಅಂದರೆ ನೀರನ್ನು ಕುದಿಯುವ ಹಂತಕ್ಕೆ ತರುವುದು ಸುಲಭ, ಅದನ್ನು ಓಡಿಸುವುದೇ ದೊಡ್ಡ ಖರ್ಚು. ಸಿಗಡಿಯ ಮೈಮೇಲೆ ನೀರು ಇರುವಷ್ಟು ಹೊತ್ತು ಆ ಮೈ 100 ಡಿಗ್ರಿ ದಾಟುವುದಿಲ್ಲ. ನೀವು ಗುಂಡಿ ತಿರುಗಿಸಿ 200 ಮಾಡಿದರೂ ದಾಟುವುದಿಲ್ಲ. ಆ 200 ಡಿಗ್ರಿ ಒಳಗಿನ ಗಾಳಿಯದ್ದು, ಸಿಗಡಿಯದ್ದಲ್ಲ. ನಮಗೆ ಬೇಕಾದ ಕೆಂಬಣ್ಣ, ಹುರಿದ ಪರಿಮಳ ಬರಬೇಕಾದರೆ ಮೈ ಸುಮಾರು 140 ಡಿಗ್ರಿಗೆ ಏರಬೇಕು. ಮಳೆಗಾಲದಲ್ಲಿ ಒದ್ದೆ ಕಟ್ಟಿಗೆ ಒಲೆಗೆ ಹಾಕಿದರೆ ಏನಾಗುತ್ತದೆ ಅಂತ ಗೊತ್ತಲ್ಲ. ಬೆಂಕಿಯೆಲ್ಲ ಮೊದಲು ಅದನ್ನು ಒಣಗಿಸುವುದಕ್ಕೇ ಹೋಗುತ್ತದೆ.

ಹಾಗಾದರೆ ನೀರು ಆರುವವರೆಗೆ ಇನ್ನೂ ಹತ್ತು ನಿಮಿಷ ಇಟ್ಟರಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಡುವುದು ಇಲ್ಲೇ. ಸಿಗಡಿ ಕೋಳಿಯಲ್ಲ, ಆಡು ಅಲ್ಲ. ಅದರ ಒಳಭಾಗ 63 ಡಿಗ್ರಿ ಮುಟ್ಟಿದರೆ ಬೆಂದ ಹಾಗೇ. ಅದರಾಚೆ ಹೋದ ಹಾಗೆ ಮಾಂಸದ ಎಳೆಗಳು ಬಿಗಿದುಕೊಂಡು ಒಳಗಿನ ರಸವನ್ನೂ ಹಿಂಡಿ ಹೊರಗೆ ಹಾಕುತ್ತವೆ. ಆ ರಸ ಮತ್ತೆ ಮೈಯನ್ನು ಒದ್ದೆ ಮಾಡುತ್ತದೆ. ಅದರಲ್ಲಿರುವ ಪ್ರೋಟೀನೇ ನೀವು ನೋಡುವ ಬಿಳಿ ನೊರೆ. ಅಂದರೆ ನೀವು ಹೊರಗಿನ ನೀರು ಆರಲಿ ಅಂತ ಕಾಯುತ್ತಿದ್ದೀರಿ, ಸಿಗಡಿ ಒಳಗಿನಿಂದ ಹೊಸ ನೀರು ಬಿಡುತ್ತಿದೆ. ಕೊನೆಗೆ ಬಣ್ಣವೂ ಇಲ್ಲ, ಹಲ್ಲಿಗೆ ರಬ್ಬರ್. ದಯವಿಟ್ಟು ಇದೊಂದನ್ನು ಮನಸ್ಸಿಗೆ ತಗೊಳ್ಳಿ: ಸಮಯ ಜಾಸ್ತಿ ಮಾಡುವುದು ಇದಕ್ಕೆ ಪರಿಹಾರವೇ ಅಲ್ಲ.

ಹಿಂದಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕಾವಲಿಯೇ ಕಲಿಸುತ್ತಿತ್ತು. ಕಾದ ಎಣ್ಣೆಗೆ ಒದ್ದೆ ಮೀನು ಹಾಕಿದರೆ ಸಿಡಿದು ಕೈಗೆ ಬೊಬ್ಬೆ ಬರುತ್ತಿತ್ತು. ಏರ್ ಫ್ರೈಯರಿನಲ್ಲಿ ಸಿಡಿಯುವ ಎಣ್ಣೆ ಇಲ್ಲ, ಕೈಗೆ ನೋವಿಲ್ಲ. ಒದ್ದೆ ಹಾಕಿದರೂ ಅದು ಸುಮ್ನೆ ತಿರುಗುತ್ತಿರುತ್ತದೆ. ಹಾಗಾಗಿ ಹೊಸ ತಲೆಮಾರಿಗೆ ನೀರು ಒರೆಸುವ ಅಭ್ಯಾಸವೇ ತಪ್ಪಿಹೋಗಿದೆ.

ಬದಿಯಡ್ಕದ ಒಂದು ಕ್ಲಾಸಿಗೆ ಸೊಸೆಯೊಬ್ಬಳು ಅತ್ತೆಯನ್ನೂ ಕರೆದುಕೊಂಡು ಬಂದಿದ್ದಳು. ಸೊಸೆ ಮತ್ತು ಉಳಿದವರು 180 ಡಿಗ್ರಿಯೋ 200 ಡಿಗ್ರಿಯೋ ಅಂತ ಚರ್ಚೆಯಲ್ಲಿದ್ದರು. ಅತ್ತೆ ಮೂಲೆಯಲ್ಲಿ ಕೂತು ಬೈರಾಸು (ಮೈ ಒರೆಸುವ ಬಟ್ಟೆ) ಹಾಸಿ, ಕರಗಿದ ಸಿಗಡಿಯನ್ನು ಒಂದೊಂದಾಗಿ ಎತ್ತಿ, ನರ ತೆಗೆದ ಬೆನ್ನಿನ ಸೀಳನ್ನು ಹೆಬ್ಬೆರಳಿನಿಂದ ಬಿಡಿಸಿ, ಬಟ್ಟೆಯ ತುದಿ ತೂರಿಸಿ ಒತ್ತುತ್ತಿದ್ದರು. ಒತ್ತಿದ ಕಡೆಯೆಲ್ಲ ಬಟ್ಟೆ ನೆನೆಯುತ್ತಿತ್ತು. "ಎಟ್ಟಿಯ ಬೆನ್ನೊಳಗೆ ನೀರು ಉಂಟು ಮಗಾ, ಹೊರಗೆ ಒರೆಸಿದ್ರೆ ಸಾಲದು" ಅಂದರು. ಎಟ್ಟಿ ಅಂದರೆ ತುಳುವಿನಲ್ಲಿ ಸಿಗಡಿ. ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ ನಾನೂ ಆ ಸೀಳನ್ನು ಅಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಗ್ಲೇಜಿನ ಮಂಜು ಕೊನೆಗೆ ಉಳಿಯುವುದು ಅಲ್ಲೇ. ಅವತ್ತಿನಿಂದ ನನ್ನ ಎಲ್ಲ ಕ್ಲಾಸಿನಲ್ಲೂ ಅವರ ಹೆಬ್ಬೆರಳಿನ ಪಾಠ ಉಂಟು.

ಹಾಗಾದರೆ ಮಾಡುವುದು ಹೇಗೆ? ಸಿಗಡಿಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿ, ತೂತಿನ ಪಾತ್ರೆಯಲ್ಲಿ ಹಾಕಿ, ಅಡಿಯಲ್ಲಿ ಇನ್ನೊಂದು ಪಾತ್ರೆ ಇಡಿ. ಮರೆತಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ತಣ್ಣೀರಿನಲ್ಲಿ ಇಡಿ, ಕಾಲು ಕಿಲೋ ಆದರೆ ಅರ್ಧ ಗಂಟೆಯೊಳಗೆ ಕರಗುತ್ತದೆ. ಬಿಸಿನೀರು ಬೇಡ. ಅಡುಗೆಕೋಣೆಯ ಕಟ್ಟೆಯ ಮೇಲೆ ಗಂಟೆಗಟ್ಟಲೆ ಬಿಡುವುದೂ ಬೇಡ, ನಮ್ಮ ಸೆಕೆಗೆ ಮೇಲ್ಮೈ ಬೇಗ ಕೆಡುತ್ತದೆ. ಕರಗಿದ ಮೇಲೆ ಒಗೆದ ಬೈರಾಸಿನಲ್ಲೋ ಹಳೆಯ ಪಂಚೆಯಲ್ಲೋ ಹರಡಿ ಒತ್ತಿ. ಬಟ್ಟೆ ಒದ್ದೆಯಾದರೆ ಬದಲಿಸಿ. ಸಮಯ ಇದ್ದರೆ ತಟ್ಟೆಯಲ್ಲಿ ಹರಡಿ, ಮುಚ್ಚದೆ, ಮತ್ತೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬೆರಳಿಗೆ ಜಾರದೆ ಸ್ವಲ್ಪ ಅಂಟಿದ ಹಾಗಾದರೆ ತಯಾರಾಯಿತು.

ಇಲ್ಲಿ ತೆಂಗಿನೆಣ್ಣೆಯ ಬಗ್ಗೆ ಒಂದು ಮಾತು. ನಮ್ಮ ಕಡೆ ಬೇರೆ ಎಣ್ಣೆ ಹಚ್ಚಿ ಅಂದರೆ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಫ್ರಿಜ್ಜಿನಿಂದ ತೆಗೆದ ಸಿಗಡಿಗೆ ನೇರವಾಗಿ ಹಚ್ಚಿದರೆ ಅಲ್ಲಲ್ಲಿ ಬಿಳಿ ಗಂಟು ಕಟ್ಟುತ್ತದೆ, ಮಸಾಲೆ ಆ ಗಂಟಿನಲ್ಲಿ ಸಿಕ್ಕಿಕೊಂಡು ಉಳಿದ ಕಡೆ ಬೋಳು. ಆದ್ದರಿಂದ ಬ್ಯಾಡಗಿ ಮೆಣಸಿನ ಪುಡಿ, ಅರಸಿನ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಎಲ್ಲವನ್ನೂ ಸ್ವಲ್ಪ ಬೆಚ್ಚಗಿನ ಎಣ್ಣೆಯಲ್ಲಿ ಕಲಸಿ, ಆಮೇಲೆ ಸಿಗಡಿ ಹಾಕಿ ಬೇಗ ಹೊರಳಿಸಿ. ಉಪ್ಪು ಕೊನೆಗೆ, ಬುಟ್ಟಿಗೆ ಹಾಕುವ ಮುಂಚೆ. ಮೊದಲೇ ಹಾಕಿದರೆ ಅದು ಮತ್ತೆ ನೀರು ಎಳೆಯುತ್ತದೆ, ಅಷ್ಟು ಒರೆಸಿದ್ದೆಲ್ಲ ದಂಡ. ಲಿಂಬೆ ತಿನ್ನುವಾಗ ಹಿಂಡಿ.

ಮೆಷಿನನ್ನು ಮೂರ್ನಾಲ್ಕು ನಿಮಿಷ ಖಾಲಿ ಬಿಸಿ ಮಾಡಿ. ಸಿಗಡಿ ಒಂದರ ಮೇಲೊಂದು ಬೀಳದಂತೆ ಒಂದೇ ಪದರ. ಜನ ಜಾಸ್ತಿ ಇದ್ದರೆ ಎರಡು ಸಲ ಮಾಡಿ. ಬುಟ್ಟಿಯ ತೂತು ಮುಚ್ಚುವ ಹಾಗೆ ಫಾಯಿಲ್ ಹಾಸಬೇಡಿ, ಗಾಳಿ ಆಡದಿದ್ದರೆ ಆವಿ ಅಲ್ಲೇ ಸುತ್ತುತ್ತದೆ. ಪ್ಯಾಕೆಟ್ ಮೇಲೆ 31/40 ಅಂತ ಇರುವ ಗಾತ್ರಕ್ಕೆ, ಅಂದರೆ ಒಂದು ಪೌಂಡಿಗೆ 31ರಿಂದ 40 ಸಿಗಡಿ, 200 ಡಿಗ್ರಿಯಲ್ಲಿ ಐದರಿಂದ ಏಳು ನಿಮಿಷ ಸಾಮಾನ್ಯವಾಗಿ ಸಾಕು. ನಡುವೆ ಒಮ್ಮೆ ಅಲ್ಲಾಡಿಸಿ. ಇದನ್ನು ಕಲ್ಲಿನ ಮೇಲೆ ಬರೆದ ಹಾಗೆ ಹಿಡಿಯಬೇಡಿ. ಒಂದೊಂದು ಮೆಷಿನಿನ ಶಕ್ತಿ ಒಂದೊಂದು ತರ, ವೋಲ್ಟೇಜ್ ಇಳಿದ ಸಂಜೆ ಇನ್ನೊಂದು ತರ. ಐದನೇ ನಿಮಿಷಕ್ಕೆ ಒಂದನ್ನು ತೆಗೆದು ದಪ್ಪ ಕಡೆ ಕತ್ತರಿಸಿ ನೋಡಿ. ಗಾಜಿನ ಹಾಗಿನ ಬೂದು ಹೋಗಿ ಬಿಳಿ ಆಗಿದ್ದರೆ ಇಳಿಸಿ.

ಎರಡು ಎಚ್ಚರಿಕೆ. ಪ್ಯಾಕೆಟ್ಟಿನೊಳಗೇ ವನಾಮಿ ಸಿಗಡಿ ಗುಲಾಬಿ ಬಣ್ಣ ಇದ್ದರೆ ಅದು ಬೇಯಿಸಿಟ್ಟದ್ದು, ಇಷ್ಟು ಹೊತ್ತು ಹೇಳಿದ್ದು ಅದಕ್ಕಲ್ಲ. ಸ್ವಲ್ಪ ಬಿಸಿ ಮಾಡಿದರೆ ಸಾಕು. ಮತ್ತೆ, ಸಿಗಡಿ ಆಗದವರು ಮನೆಯಲ್ಲಿದ್ದರೆ ಅದೇ ಬುಟ್ಟಿಯಲ್ಲಿ ಅವರಿಗೆ ಬೇರೇನೂ ಮಾಡಬೇಡಿ. ಅಲರ್ಜಿ ತರುವ ಅಂಶ ಬಿಸಿಗೆ ಹೋಗುವುದಿಲ್ಲ.

ಕೊನೆಗೆ, ಎಲ್ಲರೂ ಕೇಳುವ ಪ್ರಶ್ನೆ. ನೆಂಟರು ಜಗಲಿಯಲ್ಲಿ ಕೂತಿದ್ದಾರೆ, ಸಿಗಡಿ ಕಲ್ಲಿನ ಹಾಗೆ ಫ್ರೀಜರಿನಲ್ಲಿದೆ, ನೇರ ಹಾಕಬಹುದಾ? ಹಾಕಬಹುದು, ಆದರೆ ಎರಡು ಹಂತದಲ್ಲಿ. ನಲ್ಲಿಯ ತಣ್ಣೀರಿನಲ್ಲಿ ಮೇಲಿನ ಮಂಜು ಕಳಚಿ, ಮಸಾಲೆ ಹಚ್ಚದೆ 180 ಡಿಗ್ರಿಯಲ್ಲಿ ಮೂರ್ನಾಲ್ಕು ನಿಮಿಷ ಇಡಿ. ಹೊರಗೆ ತೆಗೆಯಿರಿ, ಕೆಳಗಿನ ನೀರು ಚೆಲ್ಲಿ, ಸಿಗಡಿಯನ್ನು ಬಟ್ಟೆಯಲ್ಲಿ ಒತ್ತಿ. ಈಗ ಮಸಾಲೆ, ಎಣ್ಣೆ, ಉಪ್ಪು. ಮತ್ತೆ 200 ಡಿಗ್ರಿಯಲ್ಲಿ ನಾಲ್ಕು ನಿಮಿಷ. ಕರಗಿಸಿ ಮಾಡಿದಷ್ಟು ಚೆನ್ನಾಗಿ ಬಣ್ಣ ಬರುವುದಿಲ್ಲ, ಆದರೆ ನೆಂಟರಿಗೆ ಧೈರ್ಯವಾಗಿ ಬಡಿಸಬಹುದು. ಅದಕ್ಕೂ ಪುರುಸೊತ್ತು ಇಲ್ಲದಿದ್ದರೆ ಅವತ್ತು ಫ್ರೈ ಬಿಡಿ, ಗಸಿ ಮಾಡಿ. ತೆಂಗಿನಕಾಯಿ ಮಸಾಲೆ ಚೆನ್ನಾಗಿ ಕುದಿಯುವಾಗ ಮಂಜು ತೊಳೆದ ಸಿಗಡಿ ಹಾಕಿ, ಮತ್ತೆ ಕುದಿ ಬಂದ ಮೇಲೆ ಮೂರು ನಿಮಿಷ ಬಿಟ್ಟು ಒಲೆ ಆರಿಸಿ.