ಸೆಲ್ಫ್ ಹೊಡೆಯುವ ಮುಂಚೆ ಎರಡು ಸುತ್ತು

ಶಿರಸಿ ಕಡೆ ಚಳಿಗಾಲದ ಬೆಳಿಗ್ಗೆ ಹಳೆಯ ಪೆಟ್ರೋಲ್ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿಂದ ಕಟಕಟ ಸದ್ದು ಬರುತ್ತದೆ, ಎರಡು ಮೂರು ಸೆಕೆಂಡಿಗೆ ನಿಂತೂ ಹೋಗುತ್ತದೆ. ನಿಂತಿತಲ್ಲ ಅಂತ ಸುಮ್ನೆ ಬಿಡಬೇಡಿ. ಟೈಮಿಂಗ್ ಚೈನ್ ಇರುವ ಎಂಜಿನ್ ಆದರೆ ಟೆನ್ಷನರ್ ನೋಡಿಸಿ.

ಪಿಸ್ಟನ್ ತಿರುಗಿಸುವ ಕೆಳಗಿನ ದಂಡ (ಕ್ರ್ಯಾಂಕ್) ತಿರುಗಿದಂತೆ ಮೇಲಿನ ದಂಡ (ಕ್ಯಾಮ್) ತಿರುಗಿಸಿ, ಗಾಳಿ ಒಳಗೆ ಹೊಗೆ ಹೊರಗೆ ಬಿಡುವ ವಾಲ್ವ್ ತೆರೆಸುವುದು ಚೈನ್. ಅದು ಸಡಿಲಾಗದಂತೆ ಒತ್ತಿ ಹಿಡಿಯುವುದು ಟೆನ್ಷನರ್. ಅನೇಕ ಎಂಜಿನ್‌ಗಳಲ್ಲಿ ಈ ಒತ್ತಡ ಬರುವುದು ಒಂದು ಸ್ಪ್ರಿಂಗ್ ಮತ್ತು ಎಂಜಿನ್ ಆಯಿಲ್‌ನಿಂದ. ಸವೆದ ಟೆನ್ಷನರ್‌ನಲ್ಲಿ ರಾತ್ರಿ ಆಯಿಲ್ ಇಳಿದುಹೋಗುತ್ತದೆ, ಬೆಳಿಗ್ಗೆ ಅದು ಮತ್ತೆ ತುಂಬುವ ತನಕ ಚೈನ್ ಬಡಿಯುತ್ತದೆ. ತೋಟದ ಮನೆಯಿಂದ ಪೇಟೆಗೆ ಅಂತ ಬರೀ ಸಣ್ಣ ಓಡಾಟವೇ ಇದ್ದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಪೆಟ್ರೋಲ್ ಮತ್ತು ನೀರಿನ ಅಂಶ ಸೇರಿ ಆಯಿಲ್ ಬೇಗ ಕೆಡುತ್ತದೆ.

ಚೈನ್ ಉದ್ದವಾಯಿತು ಅನ್ನುತ್ತಾರಲ್ಲ, ಅಲ್ಲಿ ಉಕ್ಕು ಹಿಗ್ಗಿರುವುದಿಲ್ಲ, ಕೊಂಡಿಗಳ ಪಿನ್ ಸವೆದಿರುತ್ತದೆ. ನೂರು ಕೊಂಡಿಯಲ್ಲಿ ಒಂದೊಂದಕ್ಕೆ 0.02 ಮಿಲಿಮೀಟರ್ ಸಂದು ಬಿದ್ದರೂ ಒಟ್ಟು 2 ಮಿಲಿಮೀಟರ್! ಅಂಥ ಚೈನಿಗೆ ಹೊಸ ಟೆನ್ಷನರ್ ಮಾತ್ರ ಹಾಕಿ ಪ್ರಯೋಜನವಿಲ್ಲ.

ಚೈನ್, ಟೆನ್ಷನರ್ ಹೊಸದು ಹಾಕುವಾಗ ಮೊದಲು ಕ್ರ್ಯಾಂಕ್, ಕ್ಯಾಮ್ ಎರಡರ ಹಲ್ಲುಚಕ್ರದ ಗುರುತನ್ನೂ ಕೈಪಿಡಿಯಲ್ಲಿ ಹೇಳಿದಂತೆ ಹೊಂದಿಸಬೇಕು. ಹೊಸ ಟೆನ್ಷನರ್‌ನಲ್ಲಿ ಚೈನ್ ಒತ್ತುವ ಕಡ್ಡಿಯನ್ನು ಸಾಮಾನ್ಯವಾಗಿ ಒಂದು ಪಿನ್ ಒಳಗೇ ಹಿಡಿದಿರುತ್ತದೆ. ಬೋಲ್ಟ್ ಬಿಗಿದ ಮೇಲಷ್ಟೇ ಆ ಪಿನ್ ಎಳೆಯಿರಿ.

ಅವಸರ ಬೇಡ ಅಂತ ನಾನು ಒತ್ತಿ ಹೇಳುವುದು ಇಲ್ಲೇ. ಸೆಲ್ಫ್ ಹೊಡೆಯುವ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ಯಾಕೆ ಎರಡು? ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಹಾಕುವುದು ಒಂದೇ ಸುತ್ತು. ಒಂದಕ್ಕೇ ನಿಲ್ಲಿಸಿದರೆ ಅರ್ಧದಷ್ಟು ವಾಲ್ವ್ ಕೆಲಸ ಪರೀಕ್ಷೆಯೇ ಆಗುವುದಿಲ್ಲ. ಕೆಲವು ಚೈನಿನಲ್ಲಿ ಬಣ್ಣದ ಕೊಂಡಿಗಳಿರುತ್ತವೆ, ಅವು ಎರಡು ಸುತ್ತಿಗೆ ಮತ್ತೆ ಅದೇ ಜಾಗಕ್ಕೆ ಬರುವುದಿಲ್ಲ, ಗಾಬರಿ ಬೇಡ, ಹಲ್ಲುಚಕ್ರದ ಗುರುತು ನೋಡಿ.

ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ಅನೇಕ ಎಂಜಿನ್‌ಗಳಲ್ಲಿ ಚೈನ್ ತಪ್ಪಿ ಕೂತರೆ ವಾಲ್ವ್ ಪಿಸ್ಟನ್ನಿಗೆ ತಾಗುತ್ತದೆ. ಪಾನಾದಲ್ಲಿ ಅದು ಕೈಗೆ ಗೊತ್ತಾಗುತ್ತದೆ, ಸೆಲ್ಫ್ ಹೊಡೆದರೆ ವಾಲ್ವ್ ಬಗ್ಗಿದ ಮೇಲೇ ಗೊತ್ತಾಗುವುದು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆಯುತ್ತದೆ!

ಗುರುತು ಸರಿಯಾಗಿ ಬಂದರೆ ಸ್ಟಾರ್ಟ್ ಮಾಡಿ. ಆಯಿಲ್ ತುಂಬುವ ತನಕ ಸ್ವಲ್ಪ ಸದ್ದು ಬರಬಹುದು. ಆಮೇಲೂ ನಿಲ್ಲದಿದ್ದರೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವ ಯೋಚನೆ ಬಿಡಿ, ಆಯಿಲ್ ಒತ್ತಡ, ಚೈನ್, ಚೈನ್ ಜಾರುವ ಪಟ್ಟಿ (ಗೈಡ್) ಮೂರನ್ನೂ ಪರೀಕ್ಷೆ ಮಾಡಿಸಿ.