ತಣ್ಣೀರು ಎದ್ದಲ್ಲಿ ಬೂತಾಯಿ

ಮಳೆಗಾಲದಲ್ಲಿ ಉಡುಪಿ ಕಡೆಯ ಯಾವ ಕಡಲ ದಡಕ್ಕೆ ಹೋದರೂ ನಾಡದೋಣಿಯವರ ಬಾಯಲ್ಲಿ ಒಂದೇ ಮಾತು: ‘ತೂಫಾನ್ ಆಯ್ತಾ?’ ಜೂನ್, ಜುಲೈ ಎರಡು ತಿಂಗಳು ದೊಡ್ಡ ಬೋಟುಗಳಿಗೆ ರಜೆ. ದೋಣಿಯವರಿಗೆ ಅದೇ ಸೀಸನ್. ಆದರೆ ಕಡಲು ಒಮ್ಮೆ ಬುಡಸಮೇತ ಕದಡಬೇಕು. ಆಗಲೇ ಮೀನು ದಡದ ಹತ್ತಿರ ಬರುತ್ತದೆ ಎನ್ನುವುದು ಅವರ ಲೆಕ್ಕ. ತೂಫಾನ್ ಆಗದ ವರ್ಷ ಬಲೆ ಒಣಗಿಕೊಂಡೇ ಇರುತ್ತದೆ.

ಈ ಲೆಕ್ಕ ಸುಮ್ನೆ ಹುಟ್ಟಿದ್ದಲ್ಲ. ವಿಜ್ಞಾನಿಗಳು ಬೇರೆ ದಾರಿ ಹಿಡಿದು, ಸುಮಾರು ನೂರು ವರ್ಷ ಹುಡುಕಾಡಿ ಇದರ ಹತ್ತಿರಕ್ಕೇ ಬಂದಿದ್ದಾರೆ. ಹಾಗೆ ಹುಡುಕುವಂತೆ ಮಾಡಿದ್ದು ಬೂತಾಯಿ ಎಂಬ ಸಣ್ಣ ಮೀನು, ಇಂಗ್ಲಿಷಿನ ಸಾರ್ಡಿನ್. ಕಾರವಾರದವರಿಗೆ ಅದು ತಾರ್ಲೆ, ಕೇರಳದವರಿಗೆ ಮತ್ತಿ.

ನಮ್ಮ ಮನೆಯಲ್ಲಿ ಬೂತಾಯಿ ಹಸನು ಮಾಡುವಾಗ ಅಮ್ಮ ಮೊದಲು ನೋಡುತ್ತಿದ್ದುದು ಹೊಟ್ಟೆ. ಉಗುರಿನಲ್ಲಿ ಸೀಳಿದರೆ ಒಳಗೆ ಬೆಣ್ಣೆಯಂಥ ಬಿಳಿ ಕೊಬ್ಬು ಕಾಣಬೇಕು. ಕಂಡರೆ ಕಾವಲಿಗೆ ಎಣ್ಣೆ ನಾಲ್ಕೇ ಹನಿ ಸಾಕು, ಉಳಿದದ್ದನ್ನು ಮೀನೇ ಬಿಡುತ್ತದೆ. ಕೆಲವು ವರ್ಷ ಆ ಕೊಬ್ಬೇ ಇರುವುದಿಲ್ಲ. ಮೀನು ತೆಳ್ಳಗೆ, ಬೆನ್ನು ಚೂಪು. ‘ಈ ಸಲ ಮೀನಿಗೆ ಹೊಟ್ಟೆಗಿಲ್ಲ’ ಅನ್ನುತ್ತಿದ್ದರು ಅಮ್ಮ. ಅದು ಅಕ್ಷರಶಃ ನಿಜ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ.

ಬೂತಾಯಿ ತಿನ್ನುವುದು ಹೆಚ್ಚಾಗಿ ಡಯಾಟಮ್‌ಗಳನ್ನು. ಬರಿಗಣ್ಣಿಗೆ ಕಾಣದ, ನೀರಲ್ಲಿ ತೇಲುವ ಪಾಚಿ ಅದು. ಆ ಪಾಚಿ ಬೆಳೆಯಲು ಗೊಬ್ಬರ ಬೇಕು. ಕಡಲಿನ ಗೊಬ್ಬರ ಇರುವುದು ಕೆಳಗೆ, ತಣ್ಣನೆಯ ಕತ್ತಲ ನೀರಿನಲ್ಲಿ. ಬಿಸಿಲು ಬೀಳುವುದು ಮೇಲೆ. ಕೆಳಗಿನ ನೀರು ಮೇಲೆ ಬಂದರೆ ಮಾತ್ರ ಇವೆರಡೂ ಒಂದಾಗುತ್ತವೆ.

ನಮ್ಮ ಕರಾವಳಿಯಲ್ಲಿ ಈ ಕೆಲಸ ಮಾಡುವುದು ಮುಂಗಾರು. ದಡದ ಉದ್ದಕ್ಕೂ ಹರಿಯುವ ಹೊನಲೊಂದಿದೆ. ವರ್ಷಕ್ಕೆ ಎರಡು ಸಲ ಅದು ದಿಕ್ಕು ಬದಲಿಸುತ್ತದೆ. ಮಳೆಗಾಲದಲ್ಲಿ ತೆಂಕು ದಿಕ್ಕಿಗೆ ಹರಿಯುತ್ತದೆ. ಆಗ ಮೇಲಿನ ನೀರು ಗಾಳಿಗೂ ಭೂಮಿಯ ತಿರುಗುವಿಕೆಗೂ ಸಿಕ್ಕಿ ದಡದಿಂದ ಆಚೆ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಕೆಳಗಿನ ತಣ್ಣೀರು ಏರುತ್ತದೆ. ಚಳಿಗಾಲದಲ್ಲಿ ಹೊನಲು ಬಡಗು ದಿಕ್ಕಿಗೆ ತಿರುಗುತ್ತದೆ. ಶ್ರೀಲಂಕಾವನ್ನು ಸುತ್ತಿ ಬಂದ ಬಂಗಾಳ ಕೊಲ್ಲಿಯ ನೀರನ್ನು, ಉಪ್ಪು ಕಡಿಮೆ ಇರುವ ನೀರನ್ನು, ನಮ್ಮ ಕಡೆಗೆ ತರುತ್ತದೆ. ನನಗೆ ಇದರಲ್ಲಿ ಬಹಳ ಸೋಜಿಗ ಅನಿಸುವುದು ಒಂದಿದೆ. ನಮ್ಮ ಕಡಲಲ್ಲಿ ತಣ್ಣೀರು ಏಳಲು ನಮ್ಮ ಗಾಳಿಯೊಂದೇ ಕಾರಣವಲ್ಲ. ಭಾರತದ ತುದಿಯ ಆಚೆ, ಶ್ರೀಲಂಕಾದ ಸುತ್ತ ಎದ್ದ ಗಾಳಿಯ ಪೆಟ್ಟು ಕಡಲೊಳಗಿನ ಉದ್ದನೆಯ ಅಲೆಯಾಗಿ ದಡಕ್ಕೆ ಅಂಟಿಕೊಂಡೇ ಬಡಗಿಗೆ ಬರುತ್ತದೆ. ಅದಕ್ಕೇ ತಣ್ಣೀರು ಮೊದಲು ಏಳುವುದು ಕೇರಳದ ತೆಂಕು ತುದಿಯಲ್ಲಿ. ಮಂಗಳೂರು, ಕಾರವಾರದ ಸರದಿ ಆಮೇಲೆ.

ಇದೆಲ್ಲ ಮೊದಲೇ ಗೊತ್ತಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ದಡದಲ್ಲಿ ಬೂತಾಯಿ ಬೇಯಿಸಿ ಎಣ್ಣೆ ತೆಗೆಯುವ ಸಣ್ಣ ಕಾರ್ಖಾನೆಗಳಿದ್ದವು. ಹಿಂಡಿ ಉಳಿದದ್ದು ತೋಟಗಳಿಗೆ ಗೊಬ್ಬರ. ಒಂದು ವರ್ಷ ರಾಶಿ ರಾಶಿ ಮೀನು, ಮುಂದಿನ ವರ್ಷ ಏನೂ ಇಲ್ಲ. ಪ್ರಾಂತ್ಯದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1920ರ ದಶಕದಲ್ಲಿ ಮೀನಿನ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿ ಡಯಾಟಮ್‌ಗಳ ಕಡೆ ಬೊಟ್ಟು ಮಾಡಿದರು. ದಾರಿ ಸರಿಯಾಗಿಯೇ ಇತ್ತು. ಆದರೆ 1940ರ ದಶಕದಲ್ಲಿ ಮೀನು ಪೂರಾ ಕೈಕೊಟ್ಟಾಗ ಸರ್ಕಾರ ಬೇರೆ ತೀರ್ಮಾನಕ್ಕೆ ಬಂತು: ಹಿಡಿದದ್ದು ಜಾಸ್ತಿಯಾಯಿತು. 1943ರಲ್ಲಿ ಮರಿ ಮೀನು, ಮೊಟ್ಟೆ ಮೀನು ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. ಕೆಲವೇ ವರ್ಷಗಳಲ್ಲಿ ಅದನ್ನು ವಾಪಸ್ ಪಡೆಯಿತು.

ನೀರಿನ ಕಡೆ ಗಮನ ಹರಿದದ್ದು 1950ರ ದಶಕದ ಕೊನೆಗೆ. ಕೊಚ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಜರ್ಮನಿಯ ಕಾರ್ಲ್ ಬಾನ್ಸೆ ಒಂದು ವಿಚಿತ್ರ ಗಮನಿಸಿದರು. ಮಳೆಗಾಲದಲ್ಲಿ ಮೇಲೇಳುವ ತಣ್ಣೀರಿನಲ್ಲಿ ಗೊಬ್ಬರ ಜಾಸ್ತಿ, ಆಮ್ಲಜನಕ ಕಡಿಮೆ. ಆ ನೀರು ತಳಕ್ಕೆ ಹರಡಿದರೆ ತಳದ ಮೀನು ಉಸಿರುಕಟ್ಟಿ ಜಾಗ ಖಾಲಿ ಮಾಡುತ್ತದೆ. ಕಡಲು ಕದಡಿದಾಗ ಆಳದ ಮೀನು ದಡಕ್ಕೆ ಬರುತ್ತದೆ ಎಂಬ ದೋಣಿಯವರ ಮಾತಿಗೂ ಇದಕ್ಕೂ ಎಷ್ಟು ಹತ್ತಿರದ ನಂಟು, ಅಲ್ವಾ?

1960ರ ದಶಕದಲ್ಲಿ ಹಲವು ದೇಶಗಳ ಹಡಗುಗಳು ಸೇರಿ ಹಿಂದೂ ಮಹಾಸಾಗರವನ್ನು ಜಾಲಾಡಿದವು. ಅದರ ಬೆನ್ನಿಗೇ 1966ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. 1970ರ ದಶಕದ ಮೊದಲಲ್ಲಿ ವಿಶ್ವಸಂಸ್ಥೆಯ ನೆರವಿನ ಯೋಜನೆಯೊಂದು ಕೊಚ್ಚಿಯಿಂದ ಹೊರಟು ಮೀನಿನ ಹಿಂಡು ಹುಡುಕಿತು. ಅದರ ಹಡಗುಗಳ ಹೆಸರು ‘ಸಾರ್ಡಿನೆಲ್ಲಾ’, ‘ರಾಸ್ಟ್ರೆಲಿಜರ್’. ಬೂತಾಯಿ, ಬಂಗುಡೆಯ ಶಾಸ್ತ್ರೀಯ ಹೆಸರುಗಳೇ ಅವು.

ಅದೇ ದಶಕದಲ್ಲಿ ನಮ್ಮ ದಡದಲ್ಲಿ, ದಡದಿಂದ ಎಳೆಯುವ ರಂಪಣಿ ಬಲೆ ಮರೆಯಾಗಿ, ಬೋಟಿನಿಂದ ಮೀನಿನ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಬಲೆ ಬಂತು. ಇದನ್ನು ಇಲ್ಲಿ ಹೇಳಲೇಬೇಕು. ಬಲೆ ಬದಲಾದರೆ ಮೀನಿನ ಲೆಕ್ಕವೂ ಬದಲಾಗುತ್ತದೆ. ಬಂದರಿಗೆ ಬಂದ ಮೀನನ್ನಷ್ಟೇ ತೂಗಿ ಕಡಲಲ್ಲಿ ಏನಾಯಿತು ಎಂದು ಹೇಳುವುದು ಕಷ್ಟ.

ಆದರೂ ಒಂದು ಬದಲಾವಣೆ ಬಲೆಯ ಲೆಕ್ಕವನ್ನೂ ಮೀರಿದ್ದು. 1985ರವರೆಗೆ ದೇಶದ ಬೂತಾಯಿ ಹೆಚ್ಚುಕಡಿಮೆ ಎಲ್ಲವೂ ಸಿಗುತ್ತಿದ್ದುದು ಕೇರಳದಿಂದ ನಮ್ಮ ಕರಾವಳಿವರೆಗಿನ, ಈ ತಣ್ಣೀರು ಏಳುವ ಪಟ್ಟಿಯಲ್ಲಿ. ಆಮೇಲೆ ಅದು ಬಡಗಿಗೆ ಹರಡಿತು, ಮಹಾರಾಷ್ಟ್ರದ ಕಡಲಿಗೂ ಹೋಯಿತು. ಪೂರ್ವ ಕರಾವಳಿಯಲ್ಲೂ ಕಾಣಿಸಿಕೊಂಡು, ತಮಿಳುನಾಡು, ಆಂಧ್ರದಲ್ಲಿ ದೊಡ್ಡ ಮೀನುಗಾರಿಕೆಯೇ ಆಯಿತು. ಬಂಗುಡೆ ಇನ್ನೊಂದು ದಾರಿ ಹಿಡಿಯಿತು. ಮೇಲೆ ಈಜುವ ಮೀನು ಅದು. 1985–89ರಲ್ಲಿ ತಳ ಎಳೆಯುವ ಟ್ರಾಲ್ ಬಲೆಗೆ ಸಿಗುತ್ತಿದ್ದ ಬಂಗುಡೆ ಒಟ್ಟು ಬಂಗುಡೆಯಲ್ಲಿ ಶೇ. 2ರಷ್ಟು. 2003–07ಕ್ಕೆ ಅದು ಶೇ. 15ರ ಹತ್ತಿರ ಬಂತು. ಮೇಲಿನ ನೀರು ಬೆಚ್ಚಗಾಗಿ ಮೀನು ಕೆಳಗಿಳಿಯಿತು ಎನ್ನುತ್ತಾರೆ ಕೇಂದ್ರೀಯ ಸಾಗರ ಮೀನು ಸಂಶೋಧನಾ ಸಂಸ್ಥೆಯವರು.

ಬೆಚ್ಚಗಾಗಿದೆ ಎನ್ನುವುದರಲ್ಲಿ ಅನುಮಾನವಿಲ್ಲ. ಪುಣೆಯ ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಅವರ ಸಂಗಡಿಗರ ಲೆಕ್ಕದಂತೆ ಪಶ್ಚಿಮ ಹಿಂದೂ ಮಹಾಸಾಗರದ ಮೇಲ್ನೀರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳಲ್ಲಿ ನೂರು ವರ್ಷಗಳಲ್ಲಿ ಸುಮಾರು 1.2 ಡಿಗ್ರಿ ಸೆಲ್ಸಿಯಸ್ ಏರಿದೆ. ಬೆಚ್ಚಗಿನ ನೀರು ಹಗುರ. ತಣ್ಣೀರಿನ ಮೇಲೆ ಅದು ಮುಚ್ಚಳದ ಹಾಗೆ ಕೂರುತ್ತದೆ. ಮುಚ್ಚಳ ಗಟ್ಟಿಯಾದಷ್ಟೂ ಕೆಳಗಿನ ಗೊಬ್ಬರ ಮೇಲೆ ಬರುವುದು ಕಷ್ಟ.

ಬೂತಾಯಿ ಎರಡು, ಎರಡೂವರೆ ವರ್ಷಕ್ಕಿಂತ ಜಾಸ್ತಿ ಬದುಕುವ ಮೀನಲ್ಲ. ಮೊಟ್ಟೆ ಇಡುವುದೂ ಮಳೆಗಾಲದಲ್ಲೇ. ಒಂದು ಮಳೆಗಾಲ ತಣ್ಣೀರು ತಡವಾದರೆ ಮರಿಗೆ ಮೇವಿಲ್ಲ. ಎರಡು ಮಳೆಗಾಲ ಕೈಕೊಟ್ಟರೆ ಒಂದು ತಲೆಮಾರೇ ತೆಳುವಾಗುತ್ತದೆ. 2012ರಲ್ಲಿ ಕೇರಳವೊಂದಕ್ಕೇ ಸುಮಾರು 3.9 ಲಕ್ಷ ಟನ್ ಬೂತಾಯಿ ಬಂದಿತ್ತು. ಪೆಸಿಫಿಕ್ ಸಾಗರ ಬಿಸಿಯೇರಿ ನಮ್ಮ ಹವೆಯನ್ನೂ ಏರುಪೇರು ಮಾಡುವ ಎಲ್ ನಿನೊ 2015–16ರಲ್ಲಿ ಬಂದ ಹೊತ್ತಿಗೆ ಅದು ಕುಸಿಯಿತು. 2021ರಲ್ಲಿ ಬಂದದ್ದು ಬರೀ 3,297 ಟನ್. ಮತ್ತಿ ಇಲ್ಲದೆ ಊಟ ಇಲ್ಲ ಎನ್ನುವ ನಾಡಿನ ಮಾರುಕಟ್ಟೆಗೆ ಒಮಾನ್‌ನಿಂದ ಮತ್ತಿ ಬಂತು. 2023ಕ್ಕೆ ಹಿಡಿಯುವಿಕೆ ಮತ್ತೆ ಲಕ್ಷ ಟನ್ ದಾಟಿತು.

ಹಾಗಾದರೆ ಎಲ್ಲ ತಪ್ಪೂ ನೀರಿನದ್ದೇ? ನಾನು ಹಾಗೆ ಹೇಳಲಾರೆ. ನೀರು ಕೈಕೊಟ್ಟ ವರ್ಷವೇ ಬೆರಳುದ್ದದ ಮರಿಗಳನ್ನೂ ಬಾಚಿ ಮೀನಿನ ಹುಡಿ ಮಾಡುವ ಕಾರ್ಖಾನೆಗೆ ಕಳಿಸಿದರೆ ಬೂತಾಯಿ ತಲೆ ಎತ್ತುವುದು ಹೇಗೆ? ಕೇರಳ 2015ರಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಮತ್ತಿ ಹಿಡಿಯಬಾರದು ಎಂದು ನಿಯಮ ಮಾಡಿದ್ದು ಅದಕ್ಕೇ. 1943ರ ನಿರ್ಬಂಧದಲ್ಲೂ ಅರ್ಧ ಸತ್ಯ ಇತ್ತು.

ಇತ್ತ ನಮ್ಮ ಬಲೆಗೆ ಬೇರೆ ನೆಂಟರು ಬೀಳುತ್ತಿದ್ದಾರೆ. ಮಲ್ಪೆ, ಮಂಗಳೂರಿನವರು ‘ಕಾರ್ಗಿಲ್’ ಅನ್ನುವ ಮೀನು ನೋಡಿದ್ದೀರಾ? ಕಪ್ಪು ನೀಲಿ ಮೈ, ಕೆಂಪು ಹಲ್ಲು, ಬೆನ್ನ ಮೇಲೆ ಗಟ್ಟಿ ಮುಳ್ಳು. ಹವಳದ ಬಂಡೆಗಳ ಬಳಿ ಇರುವ ಮೀನು ಅದು. ಕೆಲವು ವರ್ಷ ಟನ್‌ಗಟ್ಟಲೆ ಬಲೆಗೆ ಬಿದ್ದಿದೆ. ಇಲ್ಲಿ ಊಟಕ್ಕೆ ಕೊಳ್ಳುವವರು ಕಡಿಮೆ.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಈಗ ಉಪಗ್ರಹದಿಂದ ಕಡಲ ಬಿಸಿ, ಪಾಚಿಯ ಬಣ್ಣ ಅಳೆದು, ಮೀನು ಎಲ್ಲಿ ಸಿಗಬಹುದು ಎಂದು ಮೀನುಗಾರರಿಗೆ ತಿಳಿಸುತ್ತದೆ. ಬಹಳ ಒಳ್ಳೆಯ ಕೆಲಸ. ಆದರೆ ತಣ್ಣೀರು ಏಳುವ ಮುಂಗಾರಿನ ತಿಂಗಳುಗಳಲ್ಲೇ ನಮ್ಮ ಕಡಲ ಮೇಲೆ ದಟ್ಟ ಮೋಡ. ಉಪಗ್ರಹಕ್ಕೆ ನೀರು ಕಾಣುವುದಿಲ್ಲ. ಆಗೆಲ್ಲ ನಾಡದೋಣಿಯವರು ದಡದಲ್ಲಿ ನಿಂತು ಅಲೆಯ ಬಣ್ಣ ನೋಡುತ್ತಾರೆ. ನೀರಿಗೆ ಕಾಲಿಟ್ಟು, ತಣ್ಣಗಾಯಿತಾ ಎಂದು ನೋಡುತ್ತಾರೆ.