ಎ-ಜಿ ಎಂದರೇನು? ಡಿಪ್ಲೊಮಾ ಬೇರೆ, ಕಾಲೇಜಿನ ಅರ್ಹತೆ ಬೇರೆ

ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳು ಹೈಸ್ಕೂಲಿಗೆ (ಇಲ್ಲಿ 9ರಿಂದ 12ನೇ ತರಗತಿ) ಸೇರಿದ ಹೊಸದರಲ್ಲೇ ಈ ಪದ ಕಿವಿಗೆ ಬೀಳುತ್ತದೆ. "ಈ ಕೋರ್ಸ್ ಎ-ಜಿ ಹೌದಾ?" "ನಿಮ್ಮ ಮಗಳದ್ದು ಎ-ಜಿ ಮುಗಿಯುತ್ತಾ?" ಕೋರ್ಸ್ ಆರಿಸಲು ಸಲಹೆ ಕೊಡುವ ಶಾಲೆಯ ಕೌನ್ಸೆಲರ್ ಕೂಡ ಇದನ್ನು ಎಲ್ಲರಿಗೂ ಗೊತ್ತಿರುವ ಮಾತು ಅನ್ನುವ ಹಾಗೆ ಹೇಳಿ ಮುಂದೆ ಹೋಗುತ್ತಾರೆ. ಊರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿಯಲ್ಲಿ ಪಿಸಿಎಂಬಿ ಅಂತ ಒಂದು ಸಲ ಟಿಕ್ ಹಾಕಿ ಬಂದ ನಮಗೆ, ಪ್ರತಿ ವರ್ಷ ಪ್ರತಿ ವಿಷಯವನ್ನೂ ನಾವೇ ಆರಿಸಬೇಕು ಅನ್ನುವುದೇ ಹೊಸದು. ಅದರ ಮೇಲೆ ಈ ಅಕ್ಷರಗಳು ಬೇರೆ.

ಎ-ಜಿ ಅಂದರೆ ಪರೀಕ್ಷೆಯಲ್ಲ, ಯಾವುದೋ ಸ್ಪೆಷಲ್ ಪ್ರೋಗ್ರಾಂ ಕೂಡ ಅಲ್ಲ. ಅದು ಏಳು ವಿಷಯಗಳ ಒಂದು ಪಟ್ಟಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಬರ್ಕ್ಲಿ, ಲಾಸ್ ಏಂಜಲೀಸ್, ಡೇವಿಸ್, ಸ್ಯಾನ್ ಡಿಯೇಗೊ ಎಲ್ಲ ಸೇರಿದ ಯುಸಿ, ಮತ್ತು ಸ್ಯಾನ್ ಹೋಸೆ ಸ್ಟೇಟ್, ಲಾಂಗ್ ಬೀಚ್ ಮುಂತಾದವು ಸೇರಿದ ಕ್ಯಾಲ್ ಸ್ಟೇಟ್, ಈ ಎರಡೂ ಸರ್ಕಾರಿ ವಿಶ್ವವಿದ್ಯಾಲಯ ವ್ಯವಸ್ಥೆಗಳು "ನಮ್ಮಲ್ಲಿಗೆ ಅರ್ಜಿ ಹಾಕಬೇಕಾದರೆ ಹೈಸ್ಕೂಲಲ್ಲಿ ಇಷ್ಟು ಓದಿರಬೇಕು" ಎಂದು ಹೇಳುವ ಪಟ್ಟಿ. ಒಂದೊಂದು ವಿಷಯಕ್ಕೆ ಒಂದೊಂದು ಅಕ್ಷರ.

ಎ ಅಂದರೆ ಇತಿಹಾಸ, 2 ವರ್ಷ: ಒಂದು ವರ್ಷ ಜಗತ್ತಿನದು, ಒಂದು ವರ್ಷ ಅಮೆರಿಕದ್ದು. ಬಿ ಇಂಗ್ಲಿಷ್, ನಾಲ್ಕೂ ವರ್ಷ. ಸಿ ಗಣಿತ, ಕನಿಷ್ಠ 3 ವರ್ಷ. ಡಿ ವಿಜ್ಞಾನ, 2 ವರ್ಷ. ಇ ಇಂಗ್ಲಿಷ್ ಅಲ್ಲದ ಇನ್ನೊಂದು ಭಾಷೆ, ಒಂದೇ ಭಾಷೆ 2 ವರ್ಷ. ಎಫ್ ಕಲೆ, 1 ವರ್ಷ. ಜಿ ಕಾಲೇಜಿಗೆ ತಯಾರು ಮಾಡುವ ಯಾವುದಾದರೂ ಐಚ್ಛಿಕ ವಿಷಯ, 1 ವರ್ಷ. ಕೂಡಿದರೆ ಒಂದೊಂದು ವರ್ಷದ 15 ಕೋರ್ಸ್. ಗಣಿತ 4, ವಿಜ್ಞಾನ 3, ಭಾಷೆ 3 ವರ್ಷ ಓದಿದರೆ ಒಳ್ಳೆಯದು ಎಂದು ಯುಸಿಯೇ ಸಲಹೆ ಕೊಡುತ್ತದೆ. ಈ 15ರಲ್ಲಿ 11 ಕೋರ್ಸ್ 12ನೇ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕು ಅನ್ನುವುದೂ ಯುಸಿಯ ನಿಯಮ.

ಇಲ್ಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಡಿ ಗುಂಪಿಗೂ ಡಿ ಗ್ರೇಡಿಗೂ ಸಂಬಂಧವಿಲ್ಲ. ಮೊದಲನೆಯದು ವಿಜ್ಞಾನ, ಎರಡನೆಯದು ಕಡಿಮೆ ಅಂಕ. ಮೀಟಿಂಗಿನಲ್ಲಿ "ಡಿ ಆಗಿದೆ" ಅಂದಾಗ ಯಾವ ಡಿ ಅಂತ ಧೈರ್ಯವಾಗಿ ಕೇಳಿ.

ಈಗ ಇನ್ನೊಂದು ಕಡೆ ನೋಡೋಣ. ಹೈಸ್ಕೂಲ್ ಡಿಪ್ಲೊಮಾಗೆ, ಅಂದರೆ 12ನೇ ತರಗತಿ ಮುಗಿಸಿದವರಿಗೆ ಸಿಗುವ ಪ್ರಮಾಣಪತ್ರಕ್ಕೆ, ರಾಜ್ಯದ ಕಾನೂನು ಕೇಳುವುದು ಬೇರೆಯೇ. ಇಂಗ್ಲಿಷ್ 3 ವರ್ಷ, ಗಣಿತ 2, ವಿಜ್ಞಾನ 2, ಸಮಾಜ ವಿಜ್ಞಾನ 3, ವ್ಯಾಯಾಮ ಅಂದರೆ ಪಿಇ 2, ಜೊತೆಗೆ ಕಲೆ ಅಥವಾ ಭಾಷೆ ಅಥವಾ ವೃತ್ತಿ ತರಬೇತಿಯಲ್ಲಿ ಒಂದು ವರ್ಷ. ಇದರ ಮೇಲೆ ಆಯಾ ಡಿಸ್ಟ್ರಿಕ್ಟ್, ಅಂದರೆ ಆ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿ, ತನ್ನದೇ ವಿಷಯಗಳನ್ನು, ಒಟ್ಟು ಕ್ರೆಡಿಟ್ (ಪಾಸಾದ ಕೋರ್ಸಿಗೆ ಸಿಗುವ ಅಂಶ) ಲೆಕ್ಕವನ್ನು ಸೇರಿಸುತ್ತದೆ. ಕೆಲವು ಡಿಸ್ಟ್ರಿಕ್ಟ್‌ಗಳು ಎ-ಜಿಯನ್ನೇ ಡಿಪ್ಲೊಮಾದ ನಿಯಮಕ್ಕೆ ಸೇರಿಸಿಕೊಂಡಿವೆ, ತುಂಬಾ ಕಡೆ ಹಾಗಿಲ್ಲ. ಪಕ್ಕಪಕ್ಕ ಇಟ್ಟು ನೋಡಿ: ರಾಜ್ಯದ ಕನಿಷ್ಠ ಲೆಕ್ಕದಲ್ಲಿ ಮೂರನೇ ವರ್ಷದ ಗಣಿತ ಬೇಡ, ಭಾಷೆ ಕಲಿಯದೆಯೂ ದಾಟಬಹುದು. ಆದರೆ ಪಿಇ ಬೇಕೇ ಬೇಕು. ಎ-ಜಿಯಲ್ಲಿ ಪಿಇಗೆ ಜಾಗವೇ ಇಲ್ಲ, ಗಣಿತ ಮತ್ತು ಭಾಷೆ ಬಿಡುವ ಹಾಗಿಲ್ಲ. ಎರಡೂ ಪಟ್ಟಿಗಳು ಅರ್ಧಂಬರ್ಧ ಒಂದರ ಮೇಲೊಂದು ಕೂರುತ್ತವೆ, ಪೂರ್ತಿ ಕೂರುವುದಿಲ್ಲ. ಹಾಗಾಗಿ ಮಗು ನಿಯತ್ತಾಗಿ ನಾಲ್ಕು ವರ್ಷ ಓದಿ, ಟೋಪಿ ಗೌನು ಹಾಕಿ ಡಿಪ್ಲೊಮಾ ತಗೊಂಡರೂ ಯುಸಿಗೆ ಅರ್ಜಿ ಹಾಕುವ ಅರ್ಹತೆ ಇರದೆ ಹೋಗಬಹುದು.

ಇದು ನಮ್ಮ ಮನೆಯಲ್ಲೇ ನಡೆಯುವುದರಲ್ಲಿತ್ತು. ಅಕ್ಕನ ಮಗ ಆಗ 11ನೇ ತರಗತಿಯಲ್ಲಿದ್ದ. ಒಂದು ಭಾನುವಾರ ಅವನ ಟ್ರಾನ್ಸ್‌ಕ್ರಿಪ್ಟ್ (ಎಲ್ಲ ವರ್ಷಗಳ ಅಂಕಪಟ್ಟಿ) ಪ್ರಿಂಟ್ ತೆಗೆದು ಊಟದ ಟೇಬಲ್ ಮೇಲೆ ಹರವಿ, ಒಂದೊಂದೇ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಅಕ್ಷರ ಬರೆಯುತ್ತಾ ಹೋದೆವು. ಬಯಾಲಜಿ, ಡಿ. ಜಾಮೆಟ್ರಿ, ಸಿ. ವರ್ಲ್ಡ್ ಹಿಸ್ಟರಿ, ಎ. ಇಂಗ್ಲಿಷ್ 10, ಎರಡನೇ ಸೆಮಿಸ್ಟರ್ ಅನ್ನುವ ಸಾಲಿಗೆ ಬಂದಾಗ ನನ್ನ ಪೆನ್ಸಿಲ್ ನಿಂತಿತು. ಗ್ರೇಡ್ ಡಿ, ಕ್ರೆಡಿಟ್ 5.

"ಅದು ಪಾಸಾಗಿದೆ ಚಿಕ್ಕಮ್ಮ, ನೋಡಿ, ಐದು ಕ್ರೆಡಿಟ್ ಬಂದಿದೆ" ಅಂದ.

ಅವನು ಹೇಳಿದ್ದು ತಪ್ಪಲ್ಲ. ಶಾಲೆಯ ಲೆಕ್ಕದಲ್ಲಿ ಡಿ ಅಂದರೆ ಪಾಸು, ಕ್ರೆಡಿಟ್ ಪೂರ್ತಿ, ಡಿಪ್ಲೊಮಾಗೆ ಏನೂ ತೊಂದರೆ ಇಲ್ಲ. ಆದರೆ ಎ-ಜಿಗೆ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಮಾತ್ರ ಲೆಕ್ಕ. ಸಿ ಮೈನಸ್ ಆದರೂ ನಡೆಯುತ್ತದೆ, ಯುಸಿ ಪ್ಲಸ್ ಮೈನಸ್ ನೋಡುವುದಿಲ್ಲ. ಡಿ ಮಾತ್ರ ನಡೆಯುವುದಿಲ್ಲ. ಆ ಒಂದು ಸೆಮಿಸ್ಟರಿನ ಇಂಗ್ಲಿಷ್ ಅವನ ಎ-ಜಿಯಲ್ಲಿ ಖಾಲಿ ಜಾಗವಾಗಿ ಉಳಿದಿತ್ತು, ಒಂದು ವರ್ಷದಿಂದ ಯಾರಿಗೂ ಅದು ಕಂಡಿರಲಿಲ್ಲ. ಅಕ್ಕ ಮಾತೇ ಆಡದೆ ಆ ಸಾಲನ್ನೇ ನೋಡುತ್ತಾ ಕೂತಿದ್ದಳು. ನನಗೂ ಸಿಟ್ಟು ಬಂತು, ಹುಡುಗನ ಮೇಲಲ್ಲ, "ಪಾಸ್" ಅನ್ನುವ ಒಂದೇ ಪದಕ್ಕೆ ಎರಡು ಕಡೆ ಎರಡು ಅರ್ಥ ಇದೆ ಅಂತ ಮೊದಲೇ ಯಾರೂ ಕೂರಿಸಿ ಹೇಳದೆ ಇದ್ದುದರ ಮೇಲೆ.

ಸರಿ ಮಾಡಿಕೊಳ್ಳಲು ದಾರಿಗಳಿವೆ. ಡಿ ಅಥವಾ ಎಫ್ (ಫೇಲ್) ಗ್ರೇಡ್ ಬಂದ ಸೆಮಿಸ್ಟರನ್ನು ಬೇಸಿಗೆ ಶಾಲೆಯಲ್ಲಿ ಮತ್ತೆ ಓದಿದರೆ ಯುಸಿ ಹೊಸ ಗ್ರೇಡನ್ನು ಹಿಡಿಯುತ್ತದೆ. ಅಕ್ಕನ ಮಗ ಮಾಡಿದ್ದು ಅದನ್ನೇ. ಸಿ ಬಂದದ್ದನ್ನು ಬಿ ಮಾಡಿಕೊಳ್ಳೋಣ ಅಂತ ಮತ್ತೆ ಓದಿದರೆ ಮಾತ್ರ ಪ್ರಯೋಜನವಿಲ್ಲ, ಎರಡನೇ ಗ್ರೇಡ್ ಲೆಕ್ಕಕ್ಕೆ ಬರುವುದಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಯುಸಿ ಒಪ್ಪುವ 3 ಯೂನಿಟ್‌ನ ಒಂದು ಸೆಮಿಸ್ಟರ್ ಕೋರ್ಸ್ ಮಾಡಿದರೆ ಅದು ಹೈಸ್ಕೂಲಿನ ಪೂರ್ತಿ ಒಂದು ವರ್ಷಕ್ಕೆ ಸಮ, ಹಿಂದೆ ಬಿದ್ದ ಮಕ್ಕಳಿಗೆ ಇದು ನಿಜವಾಗಿಯೂ ದೊಡ್ಡ ಸಹಾಯ. ಇನ್ನೊಂದು, ವ್ಯಾಲಿಡೇಷನ್ ಅಂತ ಇದೆ. ಒಂದರ ಮೇಲೊಂದು ಕಟ್ಟುತ್ತಾ ಹೋಗುವ ವಿಷಯಗಳಲ್ಲಿ ಮೇಲಿನ ಮೆಟ್ಟಿಲು ಹತ್ತಿದರೆ ಕೆಳಗಿನದು ಬಂತು ಅಂತ ಒಪ್ಪಿಕೊಳ್ಳುತ್ತಾರೆ. ಅಲ್ಜೀಬ್ರಾ 1ರಲ್ಲಿ ಡಿ ಬಂದು ಅಲ್ಜೀಬ್ರಾ 2ರಲ್ಲಿ ಸಿ ಬಂದರೆ ಹಳೆಯದು ಸರಿಹೋಯಿತು. ಸ್ಪ್ಯಾನಿಷ್ 2 ಚೆನ್ನಾಗಿ ಮಾಡಿದರೆ ಸ್ಪ್ಯಾನಿಷ್ 1 ಕೂಡ ಸರಿ. ಇಂಗ್ಲಿಷಿಗೂ ಇತಿಹಾಸಕ್ಕೂ ಈ ಸೌಲಭ್ಯ ಇಲ್ಲ.

"9ನೇ ತರಗತಿ ಲೆಕ್ಕಕ್ಕಿಲ್ಲ ಬಿಡಿ" ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಇದು ಅರ್ಧ ಸತ್ಯ, ಅದಕ್ಕೇ ಜಾಸ್ತಿ ಅಪಾಯ. ಯುಸಿ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಲೆಕ್ಕ ಹಾಕುವಾಗ 9ನೇ ತರಗತಿ ಮುಗಿದ ಬೇಸಿಗೆಯಿಂದ 11 ಮುಗಿದ ಬೇಸಿಗೆಯವರೆಗಿನ ಎ-ಜಿ ಗ್ರೇಡುಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ, ನಿಜ. ಆದರೆ 9ನೇ ತರಗತಿಯ ಇಂಗ್ಲಿಷ್ 15ರಲ್ಲಿ ಒಂದು ಅಲ್ವಾ? ಅದರಲ್ಲಿ ಸಿ ಬರಲೇಬೇಕು. ಜಿಪಿಎ ವಿಷಯ ಬಂದಿದ್ದರಿಂದ ಹೇಳುತ್ತೇನೆ, ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಯುಸಿಯ ಕನಿಷ್ಠ 3.0, ಹೊರರಾಜ್ಯದವರಿಗೆ 3.4. ಎಸ್‌ಎಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಅಂಕವನ್ನು ಪ್ರವೇಶಕ್ಕೆ ಯುಸಿಯೂ ನೋಡುವುದಿಲ್ಲ, ಕ್ಯಾಲ್ ಸ್ಟೇಟೂ ನೋಡುವುದಿಲ್ಲ. ಹಾಗಾಗಿ ಯಾವ ಕೋರ್ಸ್ ಆರಿಸಿದರು, ಅದರಲ್ಲಿ ಹೇಗೆ ಮಾಡಿದರು ಅನ್ನುವುದಕ್ಕೆ ಈಗ ಬಹಳ ತೂಕ.

ಕನ್ನಡದ ಮನೆಗಳಲ್ಲಿ ಎರಡು ಪ್ರಶ್ನೆ ಬಂದೇ ಬರುತ್ತವೆ. ಮೊದಲನೆಯದು, ಮಗಳು ಎಂಟು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ, ಎಫ್ ಗುಂಪು ಆಯಿತಲ್ಲ? ಆಗುವುದಿಲ್ಲ. ಹೊರಗೆ ಗುರುಗಳ ಹತ್ತಿರ ಕಲಿತದ್ದು ಅರ್ಜಿಯ ಚಟುವಟಿಕೆಗಳ ಭಾಗದಲ್ಲಿ ಬರುತ್ತದೆ, ಅಲ್ಲಿ ಅದಕ್ಕೆ ಬೆಲೆ ಇದೆ. ಎಫ್ ಗುಂಪಿಗೆ ಮಾತ್ರ ಅನುಮೋದನೆ ಪಡೆದ ಕೋರ್ಸೇ ಬೇಕು. ಎರಡನೆಯದು, ಕನ್ನಡ ಇ ಗುಂಪಿಗೆ ನಡೆಯುತ್ತಾ? ಆ ಗುಂಪಿನ ಹೆಸರೇ "ಇಂಗ್ಲಿಷ್ ಅಲ್ಲದ ಭಾಷೆ". ಸ್ಪ್ಯಾನಿಷ್, ಫ್ರೆಂಚ್ ಮಾತ್ರ ಅಂತ ಎಲ್ಲೂ ಇಲ್ಲ, ಅಮೆರಿಕನ್ ಸನ್ನೆ ಭಾಷೆ ಕೂಡ ನಡೆಯುತ್ತದೆ. ಶಾಲೆಯಲ್ಲಿ ಕಲಿಸದ ಭಾಷೆಯಾದರೆ ಮಗುವಿಗೆ ಅದು ಬರುತ್ತದೆ ಎಂದು ಪ್ರಮಾಣೀಕರಿಸುವ ದಾರಿಗಳೂ ಇವೆ. ಊರಲ್ಲಿ 7, 8ನೇ ತರಗತಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಂತೂ ಆ ಅಂಕಪಟ್ಟಿಯನ್ನು ಕೌನ್ಸೆಲರಿಗೆ ತೋರಿಸದೆ ಇರಬಾರದು. ಸುಮ್ನೆ ಮನೆಯಲ್ಲಿ ಮಾತಾಡುತ್ತಾರೆ ಅಂದರೆ ಸಾಲದು, ಕಾಗದದ ಮೇಲೆ ಬರಬೇಕು. ಅದನ್ನು 9ನೇ ತರಗತಿಯಲ್ಲೇ ಕೇಳಿ.

ಒಂದು ಕೋರ್ಸ್ ಎ-ಜಿ ಹೌದೋ ಅಲ್ಲವೋ ಅಂತ ಹೆಸರು ನೋಡಿ ಹೇಳಲು ಆಗುವುದಿಲ್ಲ. ಪ್ರತಿ ಹೈಸ್ಕೂಲಿಗೂ ಯುಸಿ ಅನುಮೋದಿಸಿದ ತನ್ನದೇ ಕೋರ್ಸ್ ಪಟ್ಟಿ ಇರುತ್ತದೆ, ಅದು ಯುಸಿಯ ವೆಬ್‌ಸೈಟಿನಲ್ಲಿ ಶಾಲೆಯ ಹೆಸರು ಹಾಕಿದರೆ ಸಿಗುತ್ತದೆ. ಒಂದು ಶಾಲೆಯಲ್ಲಿ ಡಿ ಗುಂಪಿನಲ್ಲಿರುವ ಕೋರ್ಸ್ ಇನ್ನೊಂದು ಶಾಲೆಯಲ್ಲಿ ಜಿ ಇರಬಹುದು. ಹೊಸ ಹೆಸರಿನ ಗಣಿತ ಕೋರ್ಸುಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಡೇಟಾ ಸೈನ್ಸ್ ಓದಿದರೆ ಅಲ್ಜೀಬ್ರಾ 2 ಬಿಡಬಹುದು ಅಂತ ಕೆಲ ಕಾಲ ಇತ್ತು. 2023ರಲ್ಲಿ ಯುಸಿ ಅದನ್ನು ನಿಲ್ಲಿಸಿತು.

ಇನ್ನೊಂದು ಮಾತು. 15 ಮುಗಿಸಿದರೆ ಬಾಗಿಲು ತಟ್ಟಬಹುದು, ಅಷ್ಟೇ. ಬರ್ಕ್ಲಿ, ಲಾಸ್ ಏಂಜಲೀಸ್‌ನಲ್ಲಿ ಸೀಟು ಸಿಗುವ ಮಕ್ಕಳು ಸಾಮಾನ್ಯವಾಗಿ ಇದಕ್ಕಿಂತ ಬಹಳ ಜಾಸ್ತಿ ಓದಿರುತ್ತಾರೆ. ಇಂಜಿನಿಯರಿಂಗ್ ಮನಸ್ಸಲ್ಲಿದ್ದರೆ ಗಣಿತವನ್ನು ಮೂರನೇ ವರ್ಷಕ್ಕೆ ನಿಲ್ಲಿಸಬೇಡಿ, ಫಿಸಿಕ್ಸ್ ಕೆಮಿಸ್ಟ್ರಿ ಎರಡನ್ನೂ ಹಾಕಿಸಿ. ಆದರೆ 9ನೇ ತರಗತಿಯ ಮಗುವಿಗೆ ಎಪಿ (ಕಾಲೇಜು ಮಟ್ಟದ ಕೋರ್ಸ್) ಎಷ್ಟು ತಗೋತೀಯ ಅಂತ ಹಿಂದೆ ಬೀಳುವ ಮೊದಲು ಈ 15 ಖಾನೆ ತುಂಬುತ್ತಿವೆಯಾ ನೋಡಿ. ನನ್ನ ಪ್ರಕಾರ ಅದೇ ಮೊದಲು.

ಮುಂದಿನ ವರ್ಷದ ಕೋರ್ಸ್ ಆರಿಸುವ ಫಾರಂ ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಮನೆಗೆ ಬರುತ್ತದೆ, ಯುಸಿ ಅರ್ಜಿಯ ಗಡುವು 12ನೇ ತರಗತಿಯ ನವೆಂಬರ್ ಕೊನೆಯ ಹೊತ್ತಿಗೆ. ಆ ಕೋರ್ಸ್ ಫಾರಂನಲ್ಲಿ ಕೆಳಗೆ ಆಲ್ಟರ್ನೇಟ್ (ಬದಲಿ ಆಯ್ಕೆ) ಅಂತ ಎರಡು ಮೂರು ಗೆರೆ ಇರುತ್ತವೆ, ಮಕ್ಕಳು ಅಲ್ಲಿ ಕೈಗೆ ಬಂದದ್ದನ್ನು ಬರೆದುಬಿಡುತ್ತಾರೆ. ಕ್ಲಾಸ್ ತುಂಬಿ ಮೊದಲ ಆಯ್ಕೆ ಸಿಗದಿದ್ದರೆ ಕೊಡುವುದು ಅದನ್ನೇ. ಆ ಗೆರೆಗಳಲ್ಲೂ ಎ-ಜಿ ಪಟ್ಟಿಯಲ್ಲಿರುವ ಕೋರ್ಸನ್ನೇ ಬರೆಸಿ.